ವೆಬ್‌ಸೈಟಿನಲ್ಲಿ ಗ್ರಾಹಕರ ಅಭಿಪ್ರಾಯ: ಬಂಗಾಲಿ ಟೋಲಾದಲ್ಲಿ ಕಲಿತ ಪಾಠ

ನಮ್ಮ ಉದ್ಯಮದಲ್ಲಿ ಬಾಯಿಮಾತಿನ ಪ್ರಚಾರಕ್ಕಿಂತ ದೊಡ್ಡ ಜಾಹೀರಾತು ಇಲ್ಲ ಎಂಬುದನ್ನು ನಮ್ಮ ಹಿರಿಯರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಒಂದು ಮದುವೆಯ ಊಟ ಚೆನ್ನಾಗಿ ನಡೆದರೆ, ಅದೇ ಪಂಕ್ತಿಯಲ್ಲಿ ಕುಳಿತು ಉಂಡವರಿಂದ ಮುಂದಿನ ನಾಲ್ಕು ಮದುವೆಯ ಕಂಟ್ರಾಕ್ಟು ತಾನಾಗಿ ಬರುತ್ತಿತ್ತು. ಆ ಬಾಯಿಮಾತು ಈಗ ವೆಬ್‌ಸೈಟಿಗೂ ಬಂದಿದೆ. ನಮ್ಮ ಸದಸ್ಯರಲ್ಲಿ ಅನೇಕರು ತಮ್ಮ ಹೋಟೆಲ್, ಲಾಡ್ಜ್, ಕೇಟರಿಂಗ್ ಸಂಸ್ಥೆಗಳಿಗೆ ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಅವುಗಳಲ್ಲಿ ಹೆಚ್ಚಿನವುಗಳಲ್ಲಿ ಒಂದು ಸಂಗತಿ ಸಾಮಾನ್ಯ. ಪುಟದ ನಡುವೆ ಒಂದು ಪಟ್ಟಿ. ಅದರಲ್ಲಿ ಗ್ರಾಹಕರ ಮೆಚ್ಚುಗೆಯ ಮಾತುಗಳು ಬಲದಿಂದ ಎಡಕ್ಕೆ ಸರಸರನೆ ಓಡುತ್ತಿರುತ್ತವೆ, ಇಲ್ಲವೇ ಮೂರು ಸೆಕೆಂಡಿಗೊಮ್ಮೆ ಒಂದು ಹೋಗಿ ಇನ್ನೊಂದು ಬರುತ್ತಿರುತ್ತದೆ.

ನೋಡಲು ಅದು ಚುರುಕಾಗಿ ಕಾಣುತ್ತದೆ, ನಿಜ. ಆದರೆ ಅದನ್ನು ಯಾರಾದರೂ ಓದುತ್ತಾರೆಯೇ? ಓದಿದರೂ ನಂಬುತ್ತಾರೆಯೇ? ಕಾಶಿಯ ಬಂಗಾಲಿ ಟೋಲಾದಲ್ಲಿ ಕೆಲವು ದಿನ ತಂಗಿದ್ದಾಗ ಈ ಪ್ರಶ್ನೆ ನಮ್ಮನ್ನು ಬಹಳವಾಗಿ ಕಾಡಿತು. ಅಲ್ಲಿ ಕಂಡದ್ದನ್ನೂ, ಆ ಬಳಿಕ ಓದಿ ತಿಳಿದುಕೊಂಡದ್ದನ್ನೂ ಸದಸ್ಯ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಓಣಿಯ ಗೋಡೆ ಹೇಳಿದ್ದು

ಬಂಗಾಲಿ ಟೋಲಾ ಎಂದರೆ ದಶಾಶ್ವಮೇಧ ಘಾಟಿನ ಹಿಂಬದಿಯಿಂದ ಗಂಗೆಯ ದಡದ ಗುಂಟ ದಕ್ಷಿಣಕ್ಕೆ ಸಾಗುವ ಇಕ್ಕಟ್ಟಾದ ಓಣಿ. ಕಾರು, ಆಟೋ ಇಲ್ಲಿಗೆ ಬರುವುದಿಲ್ಲ. ಎದುರಿಗೆ ಹಸು ಬಂದರೆ ಗೋಡೆಗೆ ಒರಗಿ ನಿಂತು ದಾರಿ ಬಿಡಬೇಕು. ಹಿಂದೆ ಬಂಗಾಳಿ ಕುಟುಂಬಗಳು ನೆಲೆಸಿದ್ದರಿಂದ ಈ ಹೆಸರು. ಕನ್ನಡಿಗರಿಗೂ ಈ ಸುತ್ತಿನ ಕಾಶಿ ಹೊಸದಲ್ಲ. ಜಂಗಮವಾಡಿ ಮಠ ಇಲ್ಲಿಗೆ ಹತ್ತಿರ. ಇನ್ನೂ ದಕ್ಷಿಣಕ್ಕೆ ಹೋದರೆ ಕೇದಾರ ಘಾಟ್, ಅದನ್ನು ದಾಟಿ ಹರಿಶ್ಚಂದ್ರ ಘಾಟ್, ಅದರ ಮಗ್ಗುಲಲ್ಲೇ ನಮ್ಮ ಕರ್ನಾಟಕ ಘಾಟ್, ಮುಂದೆ ಹನುಮಾನ್ ಘಾಟ್. 2021ರ ಡಿಸೆಂಬರ್ 13ರಂದು ವಿಶ್ವನಾಥ ಧಾಮದ ಉದ್ಘಾಟನೆಯಾಯಿತು; 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ಯಾತ್ರೆಯ ರೈಲು ಹೊರಟಿತು. ಕಾಶಿಗೆ ಹೊರಡುವ ಕನ್ನಡದ ಕುಟುಂಬಗಳು ಈಗ ಮನೆಯಲ್ಲಿ ಕುಳಿತೇ ಮೊಬೈಲಿನಲ್ಲಿ ರೂಮು, ಊಟ ಹುಡುಕುತ್ತವೆ.

ಈ ಓಣಿಯಲ್ಲಿ ಸಣ್ಣ ಸಣ್ಣ ಗೆಸ್ಟ್ ಹೌಸ್‌ಗಳು, ಟೀ ಅಂಗಡಿಗಳು, ಊಟದ ಮನೆಗಳು ಒತ್ತೊತ್ತಾಗಿವೆ. ವಿದೇಶಿ ಪ್ರವಾಸಿಗಳೂ ಬಹಳ. ಕೆಲವು ಅಂಗಡಿಗಳ ಬಾಗಿಲಿನ ಪಕ್ಕದಲ್ಲಿ ಜಪಾನಿ, ಕೊರಿಯನ್ ಭಾಷೆಗಳಲ್ಲಿ ಕೈಯಿಂದ ಬರೆದ ಕಾಗದಗಳು ಅಂಟಿಸಿದ್ದು ಕಂಡೆವು. ಮಣಿಕರ್ಣಿಕೆಯ ಕಡೆಯ ‘ಬ್ಲೂ ಲಸ್ಸಿ’ ಅಂಗಡಿಯಂತೂ ಗೋಡೆಯ ತುಂಬ ಗ್ರಾಹಕರ ಪಾಸ್‌ಪೋರ್ಟ್ ಅಳತೆಯ ಫೋಟೋಗಳಿಂದಲೇ ಹೆಸರು ಮಾಡಿತು. ಒಬ್ಬ ಅಂಗಡಿಯವರನ್ನು, “ಭಾಯೀ ಸಾಹೇಬ್, ಈ ಕಾಗದದಲ್ಲಿ ಏನು ಬರೆದಿದೆ?” ಎಂದು ಕೇಳಿದೆವು. ಅವರು ನಕ್ಕು, “ನನಗೆ ಓದಲು ಬರುವುದಿಲ್ಲ. ಆದರೆ ಅವರ ದೇಶದವರು ಬಂದು, ಇಲ್ಲೇ ನಿಂತು ಪೂರ್ತಿ ಓದಿ, ಒಳಗೆ ಬಂದು ಕೂರುತ್ತಾರೆ” ಎಂದರು.

ಆ ಕಾಗದ ಏಕೆ ಕೆಲಸ ಮಾಡುತ್ತದೆ ಎಂದು ಯೋಚಿಸಿದರೆ ಮೂರು ಕಾರಣಗಳು ಕಾಣುತ್ತವೆ. ಒಂದು, ಅದು ಅಂಗಡಿಯವರು ಬರೆದದ್ದಲ್ಲ ಎಂಬುದು ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಎರಡು, ಬರೆದವರು ತಮ್ಮಂಥವರೇ ಎಂದು ಓದುವವರಿಗೆ ತಿಳಿಯುತ್ತದೆ. ಮೂರು, ಕಾಗದ ನಿಂತಿದೆ. ದಾರಿಹೋಕರು ತಮಗೆ ಬೇಕಾದಷ್ಟು ಹೊತ್ತು ನಿಂತು, ಬೇಕಾದ ಸಾಲನ್ನು ಎರಡು ಸಲ ಓದಬಹುದು. ನಮ್ಮ ವೆಬ್‌ಸೈಟುಗಳಲ್ಲಿ ನಡೆದಿರುವುದು ಇದಕ್ಕೆ ತಿರುಗುಮುರುಗು. ಓದುವವರು ಕುಳಿತಿದ್ದಾರೆ, ಮಾತು ಓಡಿಹೋಗುತ್ತಿದೆ.

ಓಡಿಹೋದ ಒಂದು ಸಾಲು

ನಾವು ತಂಗಿದ್ದುದು ನಮ್ಮ ಕಡೆಯವರೇ ಒಬ್ಬರು ನಡೆಸುವ ಸಣ್ಣ ವಸತಿಗೃಹದಲ್ಲಿ. ಎಂಟು ರೂಮು, ಕೆಳಗೆ ಅಡುಗೆಮನೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ. ಒಂದು ಸಂಜೆ ಶಿವಮೊಗ್ಗ ಕಡೆಯ ಒಬ್ಬ ಮಹಿಳೆ ಊಟಕ್ಕೆಂದು ಬಂದರು. ಅವರು ಇಳಿದುಕೊಂಡಿದ್ದುದು ಬೇರೊಂದು ಕಡೆ, ಮೂರನೆಯ ಮಹಡಿಯಲ್ಲಿ. ಜೊತೆಗೆ ಎಂಬತ್ತು ದಾಟಿದ ತಾಯಿ. ಕಡಿದಾದ ಮೆಟ್ಟಿಲು ಹತ್ತಿದ ತಾಯಿಗೆ ಮಂಡಿ ಹಿಡಿದುಕೊಂಡು ಮೂರು ದಿನದಿಂದ ಕೆಳಗಿಳಿಯಲಾಗಿರಲಿಲ್ಲ. ಕಾಶಿಗೆ ಬಂದೂ ಗಂಗೆಯಲ್ಲಿ ಮುಳುಗಲಿಲ್ಲ. ಮಗಳು ಚೊಂಬಿನಲ್ಲಿ ನೀರು ತಂದು ರೂಮಿನಲ್ಲೇ ತಲೆಗೆ ಪ್ರೋಕ್ಷಣೆ ಮಾಡಿದ್ದರಂತೆ.

ಮಾಲೀಕರು ಪೇಚಾಡಿಕೊಂಡರು. “ಅಮ್ಮಾ, ನಮ್ಮಲ್ಲಿ ನೆಲಮಟ್ಟದಲ್ಲೇ ಎರಡು ರೂಮಿದೆಯಲ್ಲ! ವೆಬ್‌ಸೈಟಿನಲ್ಲಿ ಹಾಕಿದ್ದೇವಲ್ಲ!” ಎಂದರು. ಆಕೆ, “ನಿಮ್ಮ ವೆಬ್‌ಸೈಟು ನೋಡಿದ್ದೆ ಸ್ವಾಮಿ. ಏನೇನೋ ಓಡ್ತಾ ಇತ್ತು. ಮೆಟ್ಟಿಲಿನ ವಿಷಯ ಕಾಣಲಿಲ್ಲ. ಇಲ್ಲೂ ಮಹಡಿ ಹತ್ತಬೇಕೇನೋ ಅಂದುಕೊಂಡೆ” ಎಂದರು.

ಅವರು ಹೋದ ಮೇಲೆ ನಾವೂ ಮಾಲೀಕರೂ ಮೊಬೈಲ್ ಹಿಡಿದು ಕುಳಿತೆವು. ಓಡುವ ಪಟ್ಟಿಯಲ್ಲಿ ಹನ್ನೊಂದು ಅಭಿಪ್ರಾಯಗಳಿದ್ದವು. ‘ಅತ್ಯುತ್ತಮ ಸೇವೆ’, ‘ಮನೆಯಂಥ ವಾತಾವರಣ’, ‘ಸೂಪರ್’ ಎಂಬಂಥವೇ ಹೆಚ್ಚು. ಒಂಬತ್ತನೆಯದಾಗಿ ಬಂದದ್ದು ಹೀಗಿತ್ತು: ‘ನಮ್ಮ ತಂದೆಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಕೆಳಗಿನ ರೂಮು ಕೊಟ್ಟು, ಬೆಳಿಗ್ಗೆ ಘಾಟಿಗೆ ಕರೆದೊಯ್ಯಲು ಹುಡುಗನನ್ನೂ ಕಳಿಸಿದರು.’ ಆಕೆಗೆ ಬೇಕಾಗಿದ್ದ ಮಾತು ಇದೊಂದೇ. ಅದು ಬರುವ ಹೊತ್ತಿಗೆ ಅವರು ಆ ಪುಟವನ್ನು ಬಿಟ್ಟು ಬೇರೆ ಕಡೆ ಹಣ ಕಟ್ಟಿ ಆಗಿತ್ತು. ಮಾಲೀಕರಿಗೆ ನಷ್ಟವಾದದ್ದು ಮೂರು ದಿನದ ಬಾಡಿಗೆ. ಆ ತಾಯಿಗೆ ಆದ ನಷ್ಟಕ್ಕೆ ಲೆಕ್ಕವಿಲ್ಲ.

ಓಡುವ ಪಟ್ಟಿಯ ಹಿನ್ನೆಲೆ

ಅಕ್ಷರ ಓಡಿಸುವ ಈ ಚಪಲ ಹೊಸದಲ್ಲ. 1990ರ ದಶಕದ ಮಧ್ಯದಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ‘ಮಾರ್ಕ್ಯೂ’ ಎಂಬ ಸೌಲಭ್ಯ ಕೊಟ್ಟಿತು. ಒಂದೇ ಪದ ಸೇರಿಸಿದರೆ ಸಾಲು ತಾನಾಗಿ ಓಡುತ್ತಿತ್ತು. ಎಲ್ಲರೂ ಬಳಸಿದರು. ಆದರೆ ವೆಬ್‌ಸೈಟುಗಳ ಬಳಕೆಯನ್ನು ಅಧ್ಯಯನ ಮಾಡಿದ ಯಾಕೋಬ್ ನೀಲ್ಸನ್ ಅವರು 1996ರಲ್ಲೇ ವೆಬ್ ವಿನ್ಯಾಸದ ಹತ್ತು ದೊಡ್ಡ ತಪ್ಪುಗಳ ಪಟ್ಟಿಯಲ್ಲಿ ಓಡುವ ಅಕ್ಷರಗಳನ್ನು ಸೇರಿಸಿದರು. ಈಗಿನ ಎಚ್‌ಟಿಎಂಎಲ್ ನಿಯಮಾವಳಿಯಲ್ಲಿ ಮಾರ್ಕ್ಯೂ ಬಳಸಬಾರದ ಹಳೆಯ ಪದ್ಧತಿ ಎಂದೇ ನಮೂದಾಗಿದೆ. ಅದರ ಜಾಗಕ್ಕೆ ಬಂದದ್ದು ತಾನಾಗಿ ತಿರುಗುವ ‘ಸ್ಲೈಡರ್’. ಹೆಸರು ಬೇರೆ, ತೊಂದರೆ ಅದೇ.

1997ರಲ್ಲಿ ನೀಲ್ಸನ್ ಪ್ರಕಟಿಸಿದ ಇನ್ನೊಂದು ಅಧ್ಯಯನದಂತೆ, ಪರೀಕ್ಷೆಗೆ ಒಳಪಟ್ಟವರಲ್ಲಿ ಶೇಕಡ 79 ಮಂದಿ ಹೊಸ ಪುಟವನ್ನು ಮೇಲೆ ಮೇಲೆ ಕಣ್ಣಾಡಿಸಿ ನೋಡಿದರು. ಪದ ಪದವಾಗಿ ಓದಿದವರು ಶೇಕಡ 16 ಮಾತ್ರ. ಕಣ್ಣಾಡಿಸುವವರು ಓಡುವ ವಸ್ತುವನ್ನು ಜಾಹೀರಾತೆಂದು ತಿಳಿದು ಬಿಟ್ಟುಬಿಡುತ್ತಾರೆ. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಮುಖಪುಟದ ಸ್ಲೈಡರ್ ಬಗ್ಗೆ ಅಲ್ಲಿಯ ವೆಬ್ ವಿಭಾಗದವರೇ 2013ರಲ್ಲಿ ಲೆಕ್ಕ ಹಾಕಿ ತಿಳಿಸಿದರು: ಅದನ್ನು ಒತ್ತಿದವರು ನೂರಕ್ಕೆ ಸುಮಾರು ಒಬ್ಬರು. ಒತ್ತಿದವರಲ್ಲೂ ಬಹುಪಾಲು ಜನ ಒತ್ತಿದ್ದು ಮೊದಲನೆಯದನ್ನೇ. ಹಾಗಿರುವಾಗ ನಮ್ಮ ಒಂಬತ್ತನೆಯ ಅಭಿಪ್ರಾಯದ ಗತಿ ಏನೆಂದು ಓದುಗರೇ ಊಹಿಸಬಹುದು.

ಅಂಗವಿಕಲರಿಗೂ ವೃದ್ಧರಿಗೂ ವೆಬ್‌ಸೈಟ್ ಬಳಸಲು ಆಗಬೇಕೆಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎರಡನೆಯ ಆವೃತ್ತಿ 2008ರ ಡಿಸೆಂಬರಿನಲ್ಲಿ ಬಂತು. ಅದರ ಪ್ರಕಾರ, ತಾನಾಗಿ ಶುರುವಾಗಿ, ಬೇರೆ ವಿಷಯದ ಜೊತೆಗೆ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಚಲಿಸುವ ಯಾವುದೇ ಅಂಶವನ್ನು ತಡೆಯಲು, ನಿಲ್ಲಿಸಲು ಅಥವಾ ಮರೆಮಾಡಲು ಓದುಗರಿಗೆ ಅವಕಾಶ ಇರಬೇಕು. ನಮ್ಮ ಸದಸ್ಯರ ವೆಬ್‌ಸೈಟುಗಳಲ್ಲಿ ನಿಲ್ಲಿಸುವ ಗುಂಡಿ ಇರುವ ಒಂದನ್ನೂ ನಾವು ಇದುವರೆಗೆ ನೋಡಿಲ್ಲ.

ಕನ್ನಡಕ್ಕೆ ಇನ್ನೊಂದು ತೊಡಕು

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಆಯಿತೋ ಇಲ್ಲವೋ ಎಂಬುದು ಕೊನೆಯ ಪದ ಬಂದ ಮೇಲೆಯೇ ಗೊತ್ತಾಗುವುದು. ‘ನಾಲ್ಕು ದಿನ ಇವರಲ್ಲೇ ಊಟ ಮಾಡಿದೆವು, ಒಂದು ಹೊತ್ತೂ ತಣ್ಣನೆಯ ಅನ್ನ ಬಡಿಸಲಿಲ್ಲ’ ಎಂದು ಒಬ್ಬ ಗ್ರಾಹಕರು ಪ್ರೀತಿಯಿಂದ ಬರೆದರು ಎನ್ನೋಣ. ಓಡುವ ಪಟ್ಟಿಯಲ್ಲಿ ‘ತಣ್ಣನೆಯ ಅನ್ನ’ ಎಂಬುದು ಕಣ್ಣಿಗೆ ಬೀಳುವಾಗ ‘ಬಡಿಸಲಿಲ್ಲ’ ಇನ್ನೂ ತೆರೆಯ ಆಚೆಗೇ ಇರುತ್ತದೆ. ಅಷ್ಟರಲ್ಲಿ ಓದುಗರು ಕಣ್ಣು ತೆಗೆದರೆ ಮನಸ್ಸಿನಲ್ಲಿ ಉಳಿಯುವುದು ತಣ್ಣನೆಯ ಅನ್ನವೇ! ಮೆಚ್ಚುಗೆಯ ಮಾತು ದೂರಾಗಿ ಮುಟ್ಟುತ್ತದೆ.

ಅದಲ್ಲದೆ ಕೆಲವರು ಕನ್ನಡದ ಮಾತುಗಳನ್ನು ಚಿತ್ರವಾಗಿ ಮಾಡಿಸಿ ಹಾಕುತ್ತಾರೆ. ಚಿತ್ರದೊಳಗಿನ ಅಕ್ಷರವನ್ನು ದೊಡ್ಡದು ಮಾಡಿದರೆ ಮಸುಕಾಗುತ್ತದೆ, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಸಿಗದೆ ಹೋಗಬಹುದು, ಹುಡುಕಾಟದಲ್ಲೂ ಸರಿಯಾಗಿ ಬರುವುದಿಲ್ಲ. ಅಭಿಪ್ರಾಯಗಳನ್ನು ಯೂನಿಕೋಡ್ ಕನ್ನಡದಲ್ಲೇ ಟೈಪ್ ಮಾಡಿಸಬೇಕು. ‘ಕಾಶಿ ಕನ್ನಡ ಊಟ’ ಎಂದು ಹುಡುಕುವವರಿಗೆ ನಮ್ಮ ಗ್ರಾಹಕರ ಮಾತೇ ದಾರಿ ತೋರಿಸಬಹುದು.

ಹುಟ್ಟಿಸಿದ ಮೆಚ್ಚುಗೆ ಬೇಡ

ಈ ವಿಷಯವನ್ನು ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕಾಗಿದೆ. ವೆಬ್‌ಸೈಟ್ ಮಾಡುವವರು ಕೆಲವೊಮ್ಮೆ ‘ಹತ್ತು ಅಭಿಪ್ರಾಯ ನಾವೇ ಬರೆದು ಹಾಕುತ್ತೇವೆ ಸಾರ್’ ಎಂದು ಪ್ಯಾಕೇಜಿನಲ್ಲೇ ಸೇರಿಸಿಬಿಡುತ್ತಾರೆ. ಪಟ್ಟಿ ಓಡುತ್ತಿರುವುದರಿಂದ ಯಾರೂ ಗಮನಿಸುವುದಿಲ್ಲ ಎಂಬ ಧೈರ್ಯ ಬೇರೆ. 2017ರಲ್ಲಿ ಊಬಾ ಬಟ್ಲರ್ ಎಂಬ ಲಂಡನ್ನಿನ ಬರಹಗಾರ ತನ್ನ ಮನೆಯ ಹಿತ್ತಲಿನ ಶೆಡ್ಡನ್ನು ಹೋಟೆಲೆಂದು ನೋಂದಾಯಿಸಿ, ಸ್ನೇಹಿತರಿಂದ ಸುಳ್ಳು ಅಭಿಪ್ರಾಯ ಬರೆಸಿ, ಟ್ರಿಪ್‌ಅಡ್ವೈಸರ್‌ನಲ್ಲಿ ಅದನ್ನು ಲಂಡನ್ನಿಗೇ ಮೊದಲ ಸ್ಥಾನಕ್ಕೆ ಏರಿಸಿ ತೋರಿಸಿದ. ಅಲ್ಲಿ ಹೋಟೆಲೇ ಇರಲಿಲ್ಲ! ಇಂಥದ್ದನ್ನು ಓದಿ ತಿಳಿದ ಗ್ರಾಹಕರು ಈಗ ಎಲ್ಲವನ್ನೂ ಅನುಮಾನದಿಂದಲೇ ನೋಡುತ್ತಾರೆ.

ಕಾನೂನೂ ಬಿಗಿಯಾಗಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ 2022ರ ಜೂನ್‌ನಲ್ಲಿ ಬಂದ ಜಾಹೀರಾತು ಮಾರ್ಗಸೂಚಿಗಳ ಪ್ರಕಾರ, ಜಾಹೀರಾತಿನಲ್ಲಿ ಬಳಸುವ ಶಿಫಾರಸು ಹೇಳಿದವರ ನಿಜವಾದ ಅಭಿಪ್ರಾಯವಾಗಿರಬೇಕು, ತಕ್ಕಮಟ್ಟಿಗೆ ಇತ್ತೀಚಿನದಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಆ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮತ್ತೆ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರಿನಲ್ಲಿ ಆನ್‌ಲೈನ್ ಅಭಿಪ್ರಾಯಗಳಿಗೆಂದೇ ‘ಐಎಸ್ 19000:2022’ ಎಂಬ ಮಾನದಂಡವನ್ನೂ ಹೊರತಂದಿತು. ಪ್ರಾಮಾಣಿಕತೆ, ನಿಖರತೆ, ಖಾಸಗಿತನ, ಪಾರದರ್ಶಕತೆ ಅದರ ಮೂಲ ತತ್ವಗಳಲ್ಲಿ ಸೇರಿವೆ.

ನಿಜವಾದ ಅಭಿಪ್ರಾಯಕ್ಕೆ ಬೆಲೆಯಿದೆ ಎಂಬುದಕ್ಕೂ ಆಧಾರವಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅವರು 2011ರಲ್ಲಿ ಸಿಯಾಟಲ್ ನಗರದ ಹೋಟೆಲುಗಳನ್ನು ಅಭ್ಯಾಸ ಮಾಡಿದಾಗ, ‘ಯೆಲ್ಪ್’ನಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ವರಮಾನ ಶೇಕಡ 5ರಿಂದ 9ರಷ್ಟು ಏರುವುದು ಕಂಡುಬಂತು. ಈ ಲಾಭ ದೊಡ್ಡ ಚೈನ್ ಹೋಟೆಲುಗಳಿಗಲ್ಲ, ನಮ್ಮಂಥ ಸ್ವತಂತ್ರ ಹೋಟೆಲುಗಳಿಗೆ ಎಂಬುದು ಗಮನಿಸಬೇಕಾದ ಅಂಶ. ಹೆಸರು ಗೊತ್ತಿಲ್ಲದ ಊರಿನಲ್ಲಿ ಗ್ರಾಹಕರು ಇನ್ನೊಬ್ಬ ಗ್ರಾಹಕರ ಮಾತನ್ನೇ ಹಿಡಿದುಕೊಳ್ಳುತ್ತಾರೆ.

ಹಾಗಾದರೆ ಮಾಡಬೇಕಾದ್ದೇನು?

1. ಸರಿಯಾದ ಪ್ರಶ್ನೆ ಕೇಳಿ. ‘ಊಟ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’ ಎಂದೇ ಉತ್ತರ. ‘ಇಲ್ಲಿಗೆ ಬರುವ ಮೊದಲು ನಿಮಗೆ ಯಾವ ವಿಷಯದಲ್ಲಿ ಅನುಮಾನ ಇತ್ತು? ಬಂದ ಮೇಲೆ ಏನಾಯಿತು?’ ಎಂದು ಕೇಳಿ ನೋಡಿ. ಗಲ್ಲಾದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಬಿಲ್ಲು ಕೊಡುವ ಗಡಿಬಿಡಿಯಲ್ಲಿ ಬೇಡ. ಕಾಫಿ ಕುಡಿಯುವಾಗ ಕೊಡಿ. ಕೇಟರಿಂಗ್‌ನವರು ಮದುವೆ ಮುಗಿದ ನಾಲ್ಕಾರು ದಿನಗಳ ನಂತರ, ಮನೆಯವರು ಸುಧಾರಿಸಿಕೊಂಡ ಮೇಲೆ ಫೋನ್ ಮಾಡಿ ಕೇಳುವುದು ಒಳ್ಳೆಯದು.

2. ಒಪ್ಪಿಗೆ ಪಡೆಯಿರಿ. ಹೆಸರು, ಊರು, ಫೋಟೋ ಹಾಕಬಹುದೇ ಎಂದು ಕೇಳಿ, ಆ ನೋಟ್‌ಬುಕ್ಕಿನಲ್ಲೇ ಸಹಿ ಹಾಕಿಸಿಕೊಳ್ಳಿ. ಬೇಡವೆಂದರೆ ಊರಿನ ಹೆಸರು, ತಿಂಗಳು, ವರ್ಷ ಸಾಕು. ಫೋನ್ ನಂಬರನ್ನು ಎಂದಿಗೂ ಹಾಕಬಾರದು.

3. ಕೆಲವನ್ನೇ ಆರಿಸಿ. ಮೂರರಿಂದ ಐದು ಸಾಕು. ಒಂದೊಂದೂ ಒಂದೊಂದು ಅನುಮಾನಕ್ಕೆ ಉತ್ತರವಾಗಿರಲಿ: ಮೆಟ್ಟಿಲು, ಬಿಸಿನೀರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆ, ಘಾಟಿಗೆ ಎಷ್ಟು ದೂರ, ಐನೂರು ಎಲೆಯ ಊಟಕ್ಕೆ ಸಮಯಪಾಲನೆ. ‘ಸೂಪರ್’ ಎಂಬುದನ್ನು ಬಿಟ್ಟುಬಿಡಿ.

4. ಅನುಮಾನ ಹುಟ್ಟುವ ಜಾಗದಲ್ಲೇ ಉತ್ತರ ಇಡಿ. ರೂಮಿನ ಮಾತು ರೂಮಿನ ಚಿತ್ರದ ಕೆಳಗೆ, ಊಟದ ಮಾತು ಊಟದ ದರದ ಪಕ್ಕ, ಮದುವೆಯ ಮಾತು ಕೇಟರಿಂಗ್ ವಿವರದ ಕೆಳಗೆ ಇರಲಿ. ಎಲ್ಲವನ್ನೂ ಒಂದೇ ಪಟ್ಟಿಗೆ ಸುರಿಯುವುದು ಸಾರು, ಪಾಯಸವನ್ನು ಒಂದೇ ಪಾತ್ರೆಗೆ ಹಾಕಿದಂತೆ.

5. ಮಾತು ನಿಂತಿರಲಿ. ಹೆಚ್ಚು ಅಭಿಪ್ರಾಯ ಹಾಕಲೇಬೇಕೆಂದಿದ್ದರೆ ಓದುಗರೇ ಬೆರಳಿನಿಂದ ಸರಿಸುವಂತೆ ಮಾಡಿಸಿ. ತಾನಾಗಿ ಓಡುವುದು ಬೇಡ. ಅಭಿಪ್ರಾಯಗಳು ಚಿಕ್ಕದು ದೊಡ್ಡದು ಇದ್ದಾಗ ತಾನಾಗಿ ತಿರುಗುವ ಪಟ್ಟಿಯ ಎತ್ತರವೂ ಬದಲಾಗಿ, ಕೆಳಗಿನ ಭಾಗ ಮೇಲೆ ಕೆಳಗೆ ಕುಣಿಯಬಹುದು. ಫೋನ್ ನಂಬರ್ ಒತ್ತಲು ಹೋದವರ ಬೆರಳು ಬೇರೆಲ್ಲೋ ಬೀಳುತ್ತದೆ.

6. ಭಾಷೆ ತಿದ್ದಬೇಡಿ. ಧಾರವಾಡದವರು ‘ಊಟ ಭಾಳ ಛಲೋ ಇತ್ರಿ’ ಎಂದು ಬರೆದಿದ್ದರೆ ಹಾಗೆಯೇ ಇರಲಿ. ಅದು ನಾವು ಬರೆದದ್ದಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಸಣ್ಣ ದೂರು ಇದ್ದರೆ ಅದನ್ನೂ ಇಟ್ಟು, ಆಮೇಲೆ ನಾವೇನು ಮಾಡಿದೆವು ಎಂದು ಒಂದು ಸಾಲು ಸೇರಿಸಿ.

7. ತಾರೀಖು ಹಾಕಿ, ಹಳೆಯದನ್ನು ತೆಗೆಯಿರಿ. ಭಟ್ಟರು ಬದಲಾದರೆ ಸಾಂಬಾರಿನ ಮೆಚ್ಚುಗೆಯೂ ಹಳೆಯದಾಗುತ್ತದೆ. ವರ್ಷಕ್ಕೆ ಎರಡು ಸಲ ಕುಳಿತು ಎಲ್ಲವನ್ನೂ ಓದಿ ನೋಡಿ.

8. ಮುಖ್ಯ ವಿಷಯವನ್ನು ಗ್ರಾಹಕರ ಬಾಯಿಗೇ ಬಿಡಬೇಡಿ. ನೆಲಮಟ್ಟದ ರೂಮು ಇದ್ದರೆ ಅದನ್ನು ನಾವೇ ಸ್ಪಷ್ಟವಾಗಿ ಬರೆಯಬೇಕು. ಗ್ರಾಹಕರ ಮಾತು ಅದಕ್ಕೆ ಸಾಕ್ಷಿಯಾಗಿ ಪಕ್ಕದಲ್ಲಿ ನಿಲ್ಲಬೇಕು.

ಮನೆಯಲ್ಲೇ ಒಂದು ಪರೀಕ್ಷೆ

ಇದಕ್ಕೆ ಖರ್ಚೇನೂ ಇಲ್ಲ. ನಿಮ್ಮ ಮನೆಯ ಹಿರಿಯರೊಬ್ಬರ ಕೈಗೆ ಮೊಬೈಲ್ ಕೊಟ್ಟು ನಿಮ್ಮ ವೆಬ್‌ಸೈಟ್ ತೆರೆಯಿರಿ. ‘ಮಂಡಿ ನೋವಿನವರು ಇಲ್ಲಿ ಉಳಿಯಬಹುದೇ?’ ಅಥವಾ ‘ನಮ್ಮ ಮನೆಯ ಉಪನಯನಕ್ಕೆ ಇವರು ಆದೀತೇ?’ ಎಂದು ಒಂದೇ ಪ್ರಶ್ನೆ ಕೇಳಿ. ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಿ, ತೋರಿಸಿಕೊಡಬೇಡಿ. ಒಂದು ನಿಮಿಷದೊಳಗೆ ಉತ್ತರ ಹೇಳಿದರೆ ವೆಬ್‌ಸೈಟ್ ಸರಿಯಾಗಿದೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಲು ಶುರುಮಾಡಿದರೆ, ವೆಬ್‌ಸೈಟ್ ಮಾಡಿದವರಿಗೆ ಫೋನ್ ಮಾಡಿ.

ಬಂಗಾಲಿ ಟೋಲಾದ ಮಾಲೀಕರು ನಾವಿರುವಾಗಲೇ ಆ ಕೆಲಸ ಮಾಡಿದರು. ಹನ್ನೊಂದರಲ್ಲಿ ನಾಲ್ಕನ್ನು ಉಳಿಸಿಕೊಂಡರು. ಮೊದಲನೆಯ ಪುಟದಲ್ಲಿ, ರೂಮಿನ ಚಿತ್ರದ ಕೆಳಗೆ, ‘ನೆಲಮಟ್ಟದಲ್ಲಿ ಎರಡು ರೂಮುಗಳಿವೆ, ಮೆಟ್ಟಿಲು ಹತ್ತಬೇಕಾಗಿಲ್ಲ’ ಎಂದು ಬರೆಸಿ, ಅದರ ಅಡಿಯಲ್ಲಿ ಆ ಒಂಬತ್ತನೆಯ ಅಭಿಪ್ರಾಯವನ್ನು ಊರು, ತಿಂಗಳ ಸಮೇತ ನಿಲ್ಲಿಸಿದರು. ಶಿವಮೊಗ್ಗದ ಆ ತಾಯಿಯನ್ನು ಕೊನೆಯ ದಿನ ನಾಲ್ಕು ಜನ ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಂಡು ಬಂದು, ಈ ಕೆಳಗಿನ ರೂಮಿನಲ್ಲೇ ಒಂದು ರಾತ್ರಿ ಉಳಿಸಿಕೊಂಡದ್ದಾಯಿತು. ಬೆಳಿಗ್ಗೆ ಅಡುಗೆಯ ಹುಡುಗನೂ ಮಗಳೂ ಎರಡು ಕಡೆ ಹಿಡಿದುಕೊಂಡು ಕುರ್ಚಿಯಲ್ಲೇ ಘಾಟಿನವರೆಗೆ ಕರೆದೊಯ್ದರು. ಹೊರಡುವಾಗ ನೋಟ್‌ಬುಕ್ ಮುಂದಿಟ್ಟಾಗ ಅವರು, “ನನಗೆ ಕೈ ನಡುಗತ್ತಪ್ಪ, ನೀನೇ ಬರಿ” ಎಂದರು. ಮಾಲೀಕರು, “ನಾನು ಬರೆಯಬಾರದು ಅಮ್ಮಾ, ನಿಮ್ಮ ಮಗಳು ಬರೀಲಿ” ಎಂದು ಪೆನ್ನನ್ನು ಮಗಳ ಕೈಗೆ ಕೊಟ್ಟರು.

ಸದಸ್ಯ ಬಂಧುಗಳು ತಮ್ಮ ವೆಬ್‌ಸೈಟಿನ ಓಡುವ ಪಟ್ಟಿಯನ್ನು ಒಮ್ಮೆ ನಿಲ್ಲಿಸಿ, ಅದರಲ್ಲಿ ಏನಿದೆಯೆಂದು ತಾವೇ ಪೂರ್ತಿ ಓದಬೇಕೆಂದು ವಿನಂತಿ.